ಎರಡು ಬೆರಳಿನ ಜಾಗ

ಬಿಸಿಲು ಏರುತ್ತಿದ್ದಂತೆ ಆ ಬೀದಿಯ ನಾಯಿಗಳಿಗೆಲ್ಲ ಉಣ್ಣೆಹುಳು ಹತ್ತಿತು. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕೊನೆಗೆ ಮನೆಯ ಗೋಡೆಯ ಮೇಲೂ ಹುಳು. ಬೀದಿ ಕೊನೆಯ ಟೈಲರ್ ಅಂಗಡಿಯಲ್ಲಿ ಒಂದು ಹುಳು ಗಿರಾಕಿಯ ಹೊಸ ಬಿಳಿ ಶರ್ಟಿನ ಮೇಲೆ ನಿಧಾನವಾಗಿ ನಡೆದುಹೋಯಿತು.

"ಏನು ಟೈಲರಣ್ಣ, ನಾನು ಕೇಳದೇ ಒಂದು ಗುಂಡಿ ಜಾಸ್ತಿ ಇಟ್ಟಿದ್ದೀರಲ್ಲ" ಎಂದು ಗಿರಾಕಿ ನಕ್ಕರು. ಟೈಲರ್‌ಗೆ ನಗು ಬರಲಿಲ್ಲ.

ಅವನ ಅಂಗಡಿ, ಮನೆ ಎರಡೂ ಒಂದೇ. ಮುಂದೆ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು. ಪರದೆಯ ಹಿಂದೆ ಸಂಸಾರ. ಮೇಜಿನ ಕೆಳಗೆ ಮಲಗುವ ನಾಯಿಗೆ ರೀಲು ಎಂದು ಹೆಸರು. ಮರಿಯಾಗಿದ್ದಾಗ ದಾರದ ರೀಲು ಕಚ್ಚಿಕೊಂಡು ಬೀದಿಯುದ್ದಕ್ಕೂ ದಾರ ಬಿಚ್ಚಿತ್ತು. ತುಂಡು ಬಟ್ಟೆಯ ಬುಟ್ಟಿಯಲ್ಲಿ ಮಲಗುವ ಬೂದುಬಣ್ಣದ ಬೆಕ್ಕಿಗೆ ಬೂದಿ ಎಂದು ಹೆಸರು. ಐದು ವರ್ಷದ ಮಗಳಿಗೆ ಎರಡರ ಮೇಲೂ ಪ್ರಾಣ.

ಹೆಂಡತಿ ದಿನಾ ಮಧ್ಯಾಹ್ನ ಕಾಜ ಹೊಲಿಯುವ ಕೆಲಸ ಪಕ್ಕಕ್ಕಿಟ್ಟು, ಚಿಮಟದಿಂದ ಒಂದೊಂದೇ ಹುಳು ಕಿತ್ತು ಸೋಪಿನ ನೀರಿಗೆ ಹಾಕುತ್ತಿದ್ದಳು. ಕಿತ್ತಷ್ಟೂ ಬರುತ್ತಿದ್ದವು. ಪ್ರಾಣಿಗಳ ಆಸ್ಪತ್ರೆಗೆ ಒಮ್ಮೆ ತೋರಿಸೋಣ ಎಂದು ಅವಳು ಎರಡು ಸಲ ಹೇಳಿದಳು. ಒಂದು ಹುಳಕ್ಕೆ ಡಾಕ್ಟರ್ ಬೇಕಾ ಎಂದು ಅವನು ಎರಡು ಸಲವೂ ಮಾತು ಹಾರಿಸಿದ.

ಅವಳು ಎರಡನೆಯ ಸಲ ಹೇಳಿದ ಮರುದಿನ ಅವನು ಸಂತೆಯಿಂದ ಒಂದು ಔಷಧಿ ಬೆಲ್ಟು ತಂದ. ಅಲ್ಲಿ ಗೊಂಚಲು ಗೊಂಚಲಾಗಿ ನೇತುಹಾಕಿದ್ದರಂತೆ. ಡಬ್ಬಿ ಇಲ್ಲ, ಔಷಧಿಯ ಹೆಸರು ಬರೆದ ಚೀಟಿ ಇಲ್ಲ. ನಾಯಿಯ ಕುತ್ತಿಗೆಗೆ ಕಟ್ಟಿದರೆ ಹುಳು ತಾವಾಗಿಯೇ ಸಾಯುತ್ತವೆ ಎಂದಷ್ಟೇ ಮಾರುವವನು ಹೇಳಿದ್ದ.

ಹೆಂಡತಿ ಅದನ್ನು ಮೂಸಿ ಮುಖ ಹಿಂದೆ ಎಳೆದುಕೊಂಡಳು. "ರೀ, ಹುಳ ಸಾಯಿಸೋ ವಿಷ ಅಲ್ವಾ ಇದು? ಮಗು ದಿನಾ ಅದರ ಕುತ್ತಿಗೆ ತಬ್ಕೊಂಡೇ ಇರುತ್ತೆ."

"ಔಷಧಿ ನಾಯಿಗೆ ಕಣೇ, ನಿಂಗೂ ಅಲ್ಲ, ಮಗೂಗೂ ಅಲ್ಲ. ಊರೆಲ್ಲ ಕಟ್ತಾರೆ, ನಿನ್ನದೊಂದು ಬೇರೆ."

ಅವನ ಕೈಯ ಹೊಲಿಗೆ ಅಚ್ಚುಕಟ್ಟು. ಮೈಗೆ ಅಂಟಿ ಕೂರುವಂತೆ ಹೊಲಿಯುವುದರಲ್ಲಿ ಅವನಿಗೆ ಹೆಸರಿತ್ತು. ಬೆಲ್ಟನ್ನೂ ಹಾಗೆಯೇ ಬಿಗಿಯಾಗಿ ಕೂರಿಸಿದ. ಗೇಣುದ್ದ ತುಂಡು ಉಳಿಯಿತು. ಟೈಲರ್ ಎಂದೂ ತುಂಡು ಬಿಸಾಡಿದವನಲ್ಲ. ದೊಡ್ಡವರ ಪ್ಯಾಂಟಿನಲ್ಲಿ ಮಿಕ್ಕಿದ್ದು ಮಗುವಿನ ಚಡ್ಡಿ ಆಗುತ್ತಿತ್ತು, ಅದರಲ್ಲಿ ಮಿಕ್ಕಿದ್ದು ಕೈಚೀಲ. ಬೆಲ್ಟಿನ ತುಂಡಿಗೂ ಎಲಾಸ್ಟಿಕ್ ಜೋಡಿಸಿ ಹೊಲಿದು ಬೂದಿಯ ಕುತ್ತಿಗೆಗೆ ಹಾಕಿದ. ಬೆಕ್ಕಿನ ಮೈಯಲ್ಲೂ ಹುಳು ಇದ್ದವಲ್ಲ. ಮಗಳು ಚಪ್ಪಾಳೆ ತಟ್ಟಿದಳು.

ಮೂರನೆಯ ದಿನ ರೀಲು ಕುತ್ತಿಗೆಯನ್ನು ಮೇಜಿನ ಕಾಲಿಗೆ ಉಜ್ಜುತ್ತಲೇ ಇತ್ತು. ಔಷಧಿ ಕೆಲಸ ಮಾಡುತ್ತಿದೆ ಎಂದ ಟೈಲರ್. ಬೂದಿ ಬುಟ್ಟಿಯಿಂದ ಏಳಲಿಲ್ಲ. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕಿವಿ ಅದುರುತ್ತಿದ್ದವು. ಹಲ್ಲಿ ತಿಂದಿರಬೇಕು ಎಂದ. ಹೆಂಡತಿ ತಣ್ಣೀರಿನ ಬಟ್ಟಲನ್ನು ಬುಟ್ಟಿಯ ಪಕ್ಕಕ್ಕೆ ಸರಿಸಿಟ್ಟಳು.

ಅದೇ ಮಧ್ಯಾಹ್ನ ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಬಿಳಿ ಕೋಟಿಗೆ ಅಳತೆ ಕೊಡಲು ಬಂದರು. ಟೈಲರ್ ಅವರ ಕುತ್ತಿಗೆಗೆ ಟೇಪು ಸುತ್ತಿ, ಟೇಪಿನೊಳಗೆ ತನ್ನ ಎರಡು ಬೆರಳು ಇಟ್ಟು ಅಳತೆ ನೋಡಿದ.

"ಬೆರಳು ಯಾಕಣ್ಣ?" ಎಂದು ಅವರು ಕೇಳಿದರು.

"ಉಸಿರಾಡಬೇಕಲ್ಲ ಡಾಕ್ಟರಮ್ಮ. ಎರಡು ಬೆರಳಿನ ಜಾಗ ಬಿಡದ ಕಾಲರು ಕಾಲರೇ ಅಲ್ಲ."

ಆಗ ಮೇಜಿನ ಕೆಳಗಿನಿಂದ ಉಜ್ಜುವ ಸದ್ದು ಬಂತು. ಡಾಕ್ಟರಮ್ಮ ಬಗ್ಗಿ ನೋಡಿದರು. ಚೀಲದಿಂದ ಕೈಗವಸು ತೆಗೆದು ಹಾಕಿಕೊಂಡು, ಬೆಲ್ಟಿನೊಳಗೆ ಬೆರಳು ತೂರಿಸಲು ನೋಡಿದರು. ಒಂದು ಬೆರಳೂ ಹೋಗಲಿಲ್ಲ.

"ನನಗೆ ಬಿಟ್ಟ ಜಾಗ ಇದಕ್ಕೆ ಬಿಡಲಿಲ್ಲವಲ್ಲ ಟೈಲರಣ್ಣ."

ಅವನದೇ ಕತ್ತರಿಯಿಂದ ಬೆಲ್ಟು ಕತ್ತರಿಸಿದರು. ಕೆಳಗೆ ಕೂದಲು ಉದುರಿ ಚರ್ಮ ಕೆಂಪಗೆ ಕಿತ್ತುಬಂದಿತ್ತು, ಕೀವು ಕಟ್ಟಿತ್ತು. ಟೈಲರ್ ಇನ್ನೂ ಸೋಲೊಪ್ಪಲಿಲ್ಲ. ಬೀದಿಯ ಎಷ್ಟೋ ನಾಯಿಗಳು ಬೆಲ್ಟು ಕಟ್ಟಿಕೊಂಡೇ ಚೆನ್ನಾಗಿವೆಯಲ್ಲ ಎಂದ. ಒಳ್ಳೆಯ ಬೆಲ್ಟು ಒಳ್ಳೆಯದೇ ಎಂದು ಅವರು ಒಪ್ಪಿಕೊಂಡರು. ಆದರೆ ಅದರ ಔಷಧಿ ಸದಾ ಮೈಗೆ ಇಳಿಯುತ್ತಿರುತ್ತದೆ, ಆದ್ದರಿಂದ ನಾಯಿಯ ತೂಕಕ್ಕೂ ವಯಸ್ಸಿಗೂ ಸರಿಯಾದದ್ದೇ ಆಗಬೇಕು, ಕೆಲವು ನಾಯಿಗಳಿಗೆ ಅದೂ ಒಗ್ಗುವುದಿಲ್ಲ ಎಂದರು. ಹೆಸರೇ ಇಲ್ಲದ ಈ ಬೆಲ್ಟಿನಲ್ಲಿ ಯಾವ ವಿಷ ಎಷ್ಟಿದೆಯೋ ಹೇಳುವವರು ಯಾರು?

ಮಾತು ಅಲ್ಲಿಗೆ ನಿಲ್ಲಿಸಿ, ಕೈಯಲ್ಲಿದ್ದ ಬೆಲ್ಟಿನ ಉದ್ದ ನೋಡಿದರು. "ಉಳಿದ ತುಂಡು ಎಲ್ಲಿ?"

ಮಗಳು ಬುಟ್ಟಿಯ ಕಡೆ ಕೈ ತೋರಿಸಿದಳು.

ಬೂದಿಯ ಮೈಯೆಲ್ಲ ನಡುಗುತ್ತಿತ್ತು. ನಾಯಿ ತಡೆದುಕೊಳ್ಳುವ ಎಷ್ಟೋ ಔಷಧಿಗಳು ಬೆಕ್ಕಿಗೆ ವಿಷ ಎಂದು ಡಾಕ್ಟರಮ್ಮ ಹೇಳುವಾಗಲೇ ಆ ತುಂಡನ್ನೂ ಬಿಚ್ಚಿದ್ದರು. ಎರಡೂ ತುಂಡುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಗಂಟು ಕಟ್ಟಿದರು. ಅಷ್ಟು ಅವಸರದಲ್ಲೂ ಮಗುವಿನ ಎರಡೂ ಕೈಗಳನ್ನು ಸೋಪು ಹಚ್ಚಿ ತಾವೇ ತೊಳೆದು, ತಮ್ಮ ಸೆರಗಿನಿಂದ ಒರೆಸಿದರು. ಅವರೂ ಟೈಲರೂ ಎರಡು ಪ್ರಾಣಿಗಳನ್ನೂ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಅಲ್ಲಿ ಮೈ ತೊಳೆದರು, ಇಂಜೆಕ್ಷನ್ ಕೊಟ್ಟರು. ರೀಲು ಉಳಿಯಿತು. ಬೂದಿ ಹೊತ್ತು ಮುಳುಗುವ ಮೊದಲೇ ಹೋಯಿತು.

ಟೈಲರ್ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಅಲ್ಲಿಂದಲೇ ಕೇಳಿದ. "ನಾನೇ ಕೊಂದೆನಾ ಡಾಕ್ಟರಮ್ಮ?"

ಅವರು ಬಂದು ಪಕ್ಕದಲ್ಲಿ ಕೂತರು. "ನಿಮಗೆ ಗೊತ್ತಿರಲಿಲ್ಲ. ಇನ್ಮೇಲೆ ಕೇಳಿ. ಕೇಳಿದ್ದಕ್ಕೆ ನಾವು ಯಾರೂ ನಗಲ್ಲ."

ಮನೆಗೆ ತಂದ ಬೆಕ್ಕನ್ನು ಸುತ್ತಿ ಮಣ್ಣು ಮಾಡಲು ಹೆಂಡತಿ ಬುಟ್ಟಿಯಲ್ಲಿ ತುಂಡು ಬಟ್ಟೆ ಹುಡುಕುತ್ತಿದ್ದಳು. ಟೈಲರ್ ಅವಳ ಕೈ ತಡೆದ. ಕಪಾಟಿನಿಂದ ಹೊಸ ಬಟ್ಟೆಯ ಥಾನು ಇಳಿಸಿ, ಅಳತೆಯನ್ನೂ ನೋಡದೆ, ಬೇಕಾದ್ದಕ್ಕಿಂತ ಹೆಚ್ಚೇ ಕತ್ತರಿಸಿ ಕೊಟ್ಟ.

ರೀಲುವಿನ ಗಾಯ ಮಾಯಲು ಒಂದು ತಿಂಗಳು ಹಿಡಿಯಿತು. ಕುತ್ತಿಗೆಯ ಸುತ್ತ ಕೂದಲು ಇನ್ನೂ ಬಂದಿಲ್ಲ. ಹುಳಕ್ಕೆ ಡಾಕ್ಟರಮ್ಮ ಬೇರೆ ಔಷಧಿ ಬರೆದುಕೊಟ್ಟರು. ಸೂಜಿಗೆ ದಾರ ಪೋಣಿಸುವ ಕನ್ನಡಕ ಹಾಕಿಕೊಂಡು ಟೈಲರ್ ಡಬ್ಬಿಯ ಮೇಲಿನ ಸಣ್ಣಕ್ಷರವನ್ನೆಲ್ಲ ಓದಿದ. ಹೆಂಡತಿ ಅದನ್ನೇ ಮತ್ತೊಮ್ಮೆ ಜೋರಾಗಿ ಓದಿಸಿದಳು. ಬುಟ್ಟಿ ಇದ್ದಲ್ಲೇ ಇದೆ. ಅದಕ್ಕೆ ಬಟ್ಟೆ ತುಂಬಲು ಮಗಳು ಬಿಡುವುದಿಲ್ಲ. ಟೈಲರ್ ಈಗ ಯಾರ ಕುತ್ತಿಗೆಗೆ ಟೇಪು ಸುತ್ತಿದರೂ, ಮನೆಯಲ್ಲಿ ನಾಯಿ ಇದೆಯಾ ಎಂದು ಕೇಳುತ್ತಾನೆ. ಇದೆ ಎಂದವರಿಗೆ ಈ ಕಥೆ ಹೇಳುತ್ತಾನೆ, ತನ್ನ ತಪ್ಪನ್ನೂ ಬಿಡದೆ.

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಒಂದು ನಾಯಿ ಇದ್ದರೆ, ಬೆಲ್ಟು ಕಟ್ಟುವ ಮೊದಲು ಪ್ರಾಣಿಗಳ ಡಾಕ್ಟರನ್ನು ಒಂದು ಮಾತು ಕೇಳಿ. ಮರಿಗೆ, ಬಸುರಿ ನಾಯಿಗೆ, ಕಾಯಿಲೆಯದಕ್ಕೆ ಕೇಳದೆ ಕಟ್ಟಲೇಬೇಡಿ. ಡಬ್ಬಿ, ಹೆಸರಿನ ಚೀಟಿ ಇಲ್ಲದ ಬೆಲ್ಟು ಬೇಡ. ಬೆಲ್ಟಿನ ಜೊತೆಗೆ ಇನ್ನೊಂದು ಪುಡಿಯನ್ನೋ ಸ್ಪ್ರೇಯನ್ನೋ ನೀವಾಗಿಯೇ ಸೇರಿಸಬೇಡಿ. ನಾಯಿಯದನ್ನು ಬೆಕ್ಕಿಗೆ ಹಾಕಬೇಡಿ. ಮಿಕ್ಕ ತುಂಡನ್ನು ಮಕ್ಕಳ ಕೈಗೆ ಸಿಗದಂತೆ ಕಟ್ಟಿ ಎಸೆಯಿರಿ, ಮುಟ್ಟಿದ ಕೈ ತೊಳೆಯಿರಿ. ಬೆಲ್ಟು ಕಟ್ಟಿದ ಮೇಲೆ ಜೊಲ್ಲು, ವಾಂತಿ, ನಡುಕ, ಕೆಂಪು ಚರ್ಮ, ಏನೇ ಕಂಡರೂ ಮೊದಲು ಅದನ್ನು ಬಿಚ್ಚಿ. ಸೌಮ್ಯ ಸೋಪಿನಿಂದ ಮೈ ತೊಳೆದು, ಡಬ್ಬಿಯ ಸಮೇತ ಡಾಕ್ಟರ ಹತ್ತಿರ ಹೋಗಿ. ನಾಳೆ ನೋಡೋಣ ಅನ್ನಬೇಡಿ.

ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ, ನಿಮ್ಮ ನಾಯಿಯ ಕುತ್ತಿಗೆಯ ಪಟ್ಟಿಯೊಳಗೆ ಎರಡು ಬೆರಳು ಇಟ್ಟು ನೋಡಿ. ಅದು ಬಾಯಿಬಿಟ್ಟು ಹೇಳಲಾರದು, ನಿಮ್ಮ ಬೆರಳಿಗಾದರೂ ತಿಳಿಯಲಿ.