ಅಮ್ಮ ಯಾರ ಕಡೆ

ಮಗಳು ಮೂರನೇ ಸಲ ಕುರ್ಚಿಗಳನ್ನು ಗೋಡೆಯ ಕಡೆಗೆ ಸರಿಸುತ್ತಿದ್ದಳು. ಅಮ್ಮನನ್ನು ಮಲಗಿಸಿದ್ದ ಮಂಚಕ್ಕೂ ಬಾಗಿಲಿಗೂ ನಡುವೆ ಜಾಗ ಸಾಲದು ಎಂದು ಅವಳಿಗೆ ಅನಿಸುತ್ತಲೇ ಇತ್ತು. ಸೋದರಮಾವ ಕೈ ಹಿಡಿದು ಕೂರಿಸಿದರೆ ಎರಡೇ ನಿಮಿಷಕ್ಕೆ ಎದ್ದು, ಹೆಣ ಒಯ್ಯುವ ಗಾಡಿ ಬಂತೇನೋ ಎಂದು ಬೀದಿಗೆ ಇಣುಕುತ್ತಿದ್ದಳು. ಗಾಡಿ ಬರುವುದು ಮೂರೂವರೆಗೆ ಎಂದು ಅವಳಿಗೂ ಗೊತ್ತಿತ್ತು.

ಆಸ್ಪತ್ರೆಯ ಲಾಂಡ್ರಿಯಿಂದ ಬಂದಿದ್ದ ನಾಲ್ವರು ಹೆಂಗಸರು ಮೂಲೆಯಲ್ಲಿ ಪಿಸುಗುಡುತ್ತಿದ್ದರು. ಅಮ್ಮ ಇಪ್ಪತ್ತೊಂಬತ್ತು ವರ್ಷ ಅವರ ಜೊತೆ ಹಾಸಿಗೆಬಟ್ಟೆ ಒಗೆದು ಮಡಿಸಿದವಳು. ಸಂಜೆ ನಾಲ್ಕಕ್ಕೆ ಸಿನಿಮಾ ಪ್ರಶಸ್ತಿಗಳ ಪ್ರಕಟಣೆಯಿತ್ತು. ಅತ್ಯುತ್ತಮ ನಟಿ ಯಾರಾಗಬಹುದು ಎಂದು ಅವರು ಇಲ್ಲೂ ಮಾತಾಡಿಕೊಳ್ಳುತ್ತಿರುವುದು ಕೇಳಿ ಮಗಳ ಮೈ ಉರಿಯಿತು.

ಅಷ್ಟರಲ್ಲಿ ಕೊಡೆ ಹಿಡಿದ ಗಂಡಸೊಬ್ಬ ಹೊಸ್ತಿಲಲ್ಲಿ ನಿಂತು, ಒಳಗೆ ಬರಬಹುದಾ ಎಂದು ಕೇಳಿದ. ದನಿ ಕೇಳಿದ್ದೇ ನಾಲ್ವರೂ ಎದ್ದು ನಿಂತರು. ಪ್ರಶಸ್ತಿಯ ಕಾಲ ಬಂತೆಂದರೆ ರೇಡಿಯೋದಲ್ಲಿ ದಿನಾ ಸಂಜೆ ಕೇಳುಗರ ಜೊತೆ ಫೋನಿನಲ್ಲಿ ಮಾತಾಡುವ ಸಿನಿಮಾ ವಿಮರ್ಶಕ ಅವನು. ಹಿಂದಿನ ದಿನ ಅವರಲ್ಲೊಬ್ಬಳು ರೇಡಿಯೋಗೆ ಫೋನ್ ಮಾಡಿ ಸುದ್ದಿ ಹೇಳಿದ್ದಳು.

ಹನ್ನೊಂದು ವರ್ಷದ ಹಿಂದೆ ಅವನು ಯಾವುದೋ ಸಿನಿಮಾದ ಆಸ್ಪತ್ರೆ ದೃಶ್ಯವನ್ನು ಬಾಯಿತುಂಬ ಹೊಗಳಿದ್ದನಂತೆ. ಅಮ್ಮ ಫೋನ್ ಮಾಡಿ, ಅಷ್ಟು ಬಿಳಿ ಬಟ್ಟೆ ಯಾವ ಆಸ್ಪತ್ರೆಯಲ್ಲಿದೆ ತೋರಿಸಿ, ನಾಳೆಯೇ ಅಲ್ಲಿ ಕೆಲಸಕ್ಕೆ ಸೇರ್ತೀನಿ ಎಂದಿದ್ದಳಂತೆ. ಅಂದಿನಿಂದ ಪ್ರತಿ ವರ್ಷ ಅವಳ ಕರೆಗಾಗಿ ಕಾಯುತ್ತಿದ್ದೆ ಎಂದ. ಆಮೇಲೆ ಕೊಡೆಯ ಹಿಡಿಯನ್ನು ತಿರುಗಿಸುತ್ತ ನಿಂತ.

"ಈ ವರ್ಷ ದಿನಾ ಮಾಡ್ತಿದ್ರು. ಲೈನಿನಲ್ಲಿ ಕಾಯಿಸಿ, ನಾವೇ ಮಾತಾಡಿಸಲಿಲ್ಲ. ವಯಸ್ಸಾದವರ ಕರೆ ಕಡಿಮೆ ಮಾಡಿ ಅಂತ ಮೇಲಿನವರು ಹೇಳಿದ್ರು. ನಾನು ಹೂಂ ಅಂದೆ."

ಅವನಿಗೆ ಚೆನ್ನಾಗಿ ಬೈಯಬೇಕೆಂದು ಮಗಳು ಬಾಯಿ ತೆರೆದಳು. ಕೊನೆಗೆ ಗೋಡೆಗೆ ಸರಿಸಿದ್ದ ಕುರ್ಚಿಯೊಂದನ್ನು ಅವನ ಮುಂದೆ ಎಳೆದಿಟ್ಟಳು.

*

ಹಿಂದಿನ ವಾರ ಆಸ್ಪತ್ರೆಯಲ್ಲಿ ಅಮ್ಮ ಅರ್ಧ ಗಂಟೆ ಫೋನ್ ಕಿವಿಗಿಟ್ಟುಕೊಂಡು ಸುಮ್ಮನೆ ಮಲಗಿದ್ದಳು. ಕಾರ್ಯಕ್ರಮ ಕೇಳುತ್ತಿದ್ದಾಳೆ ಎಂದುಕೊಂಡಿದ್ದಳು ಮಗಳು. ಕೊನೆಗೆ ಫೋನ್ ಕೆಳಗಿಟ್ಟು, ಪೇಪರಿನಲ್ಲಿ ಬಂದಿದ್ದ, ಪ್ರಶಸ್ತಿಯ ಕಣದಲ್ಲಿದ್ದವರ ಪಟ್ಟಿಯನ್ನು ಮಗಳತ್ತ ಚಾಚಿದಳು.

"ಸ್ವಲ್ಪ ಓದೇ. ಅಕ್ಷರ ಕಾಣ್ತಿಲ್ಲ."

ಮಗಳು ಔಷಧದ ಚೀಟಿ ಹಿಡಿದು ಮೂರು ಅಂಗಡಿ ಸುತ್ತಿ ಬಂದಿದ್ದಳು. "ಮೊದಲು ನಿನ್ನ ಜೀವದ ಯೋಚನೆ ಮಾಡಮ್ಮ" ಎಂದು ರೇಗಿದಳು.

"ಅದನ್ನ ಡಾಕ್ಟರು ಮಾಡ್ತಿದಾರಲ್ಲೇ" ಎಂದಳು ಅಮ್ಮ. "ನನಗೂ ಏನಾದ್ರೂ ಕೆಲಸ ಬೇಡ್ವಾ?"

ಮಗಳು ಪೇಪರನ್ನು ಮಡಿಸಿ ಬ್ಯಾಗಿಗೆ ತುರುಕಿದಳು. ಮರುದಿನದಿಂದ ಅಮ್ಮನಿಗೆ ಪೂರ್ತಿ ಎಚ್ಚರವಿರಲಿಲ್ಲ.

*

ಗಾಡಿ ಹೊರಟಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ವಿಮರ್ಶಕನೂ ಹತ್ತಿದ್ದ. ಅವನು ಸ್ಟುಡಿಯೋದಲ್ಲಿರಬೇಕಾದ ಹೊತ್ತು. ಜೇಬಿನಲ್ಲಿ ಫೋನ್ ಒಂದೇ ಸಮನೆ ಅದುರುತ್ತಿದ್ದರೂ ಮುಟ್ಟಲಿಲ್ಲ. ಮಗಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೂವಿನ ಹಾರ ಸರಿಮಾಡಿದಳು, ಕಿಟಕಿ ತೆರೆದಳು, ಮತ್ತೆ ಮುಚ್ಚಿದಳು. ಆಮೇಲೆ ಡ್ರೈವರ್ ಕಡೆ ಬಗ್ಗಿದಳು.

"ಅಣ್ಣಾ, ರೇಡಿಯೋ ಹಾಕಿ."

ಹೆಣದ ಮುಂದೆ ಇದೇನು ಎಂದು ಸೋದರಮಾವ ತಡೆದ. ಇರಲಿ ಮಾವ ಎಂದಳು. ಯಾವುದೋ ಹೊಸ ದನಿ ಹೆಸರುಗಳನ್ನು ಓದುತ್ತ ಹೋಯಿತು. ಅತ್ಯುತ್ತಮ ನಟಿಯ ಪ್ರಶಸ್ತಿ ವಕೀಲೆಯ ಪಾತ್ರ ಮಾಡಿದವಳಿಗೆ ಬಂತು.

"ಅಮ್ಮ ಯಾರ ಕಡೆ ಇದ್ಲು?" ಮಗಳು ಕೇಳಿದಳು.

ವಕೀಲೆಯ ಕಡೆಯೇ ಎಂದಳು ಲಾಂಡ್ರಿಯ ಹಿರಿಯಳು. ಪಕ್ಕದವಳು ತಲೆಯಾಡಿಸಿ, ಸುಳ್ಳು, ನರ್ಸ್ ಪಾತ್ರ ಮಾಡಿದ ಮುದುಕಿಯೇ ಗೆಲ್ಲಬೇಕು ಅಂತ ನನ್ನ ಹತ್ತಿರ ಹೇಳಿದ್ದಳು ಎಂದಳು. ಮೂರನೆಯವಳ ಪ್ರಕಾರ ಮೀನು ಮಾರುವವಳಾಗಿ ಬಂದ ಹೊಸ ಹುಡುಗಿ. ಈ ಸಲ ಯಾರೂ ಲಾಯಕ್ಕಿಲ್ಲ ಅಂದಿದ್ದಳಲ್ಲ ಎಂದಳು ನಾಲ್ಕನೆಯವಳು.

ವಿಮರ್ಶಕ ತಡೆಯಲಾರದೆ, ಆ ಮೀನು ಮಾರುವ ಹುಡುಗಿಗೆ ಅಳುವುದು ಬಿಟ್ಟು ಬೇರೇನೂ ಬರಲ್ಲ, ಇವರಮ್ಮ ಅವಳನ್ನು ಒಪ್ಪಿರಲಾರರು ಎಂದ. ನಾಲ್ವರೂ ಒಟ್ಟಿಗೆ ಅವನ ಮೇಲೆ ಬಿದ್ದರು. ಆ ಸಿನಿಮಾ ನೋಡಿದ್ದೀರಾ, ಕೊನೆಯ ದೃಶ್ಯ ನೋಡಿದ್ದೀರಾ ಎಂದು ಕೇಳಿದರು. ಮಗಳು ಒಬ್ಬರಿಂದ ಒಬ್ಬರಿಗೆ ಮುಖ ತಿರುಗಿಸುತ್ತ, ಮತ್ತೇನು ಹೇಳಿದಳು, ಯಾವಾಗ ಹೇಳಿದಳು ಎಂದು ಕೆದಕಿ ಕೆದಕಿ ಕೇಳುತ್ತಿದ್ದಳು.

ಸ್ಮಶಾನದ ಕಾವಲುಗಾರ ಗಾಡಿ ಕಂಡು ಟೊಪ್ಪಿ ತೆಗೆದು ಎದ್ದುನಿಂತ. ಒಳಗಿನ ಸಿನಿಮಾ ಜಗಳ ಕಿವಿಗೆ ಬಿದ್ದು, ಇದು ಹೆಣದ ಗಾಡಿ ಹೌದೋ ಅಲ್ಲವೋ ಎನಿಸಿ, ಟೊಪ್ಪಿಯನ್ನು ಅರ್ಧ ತಲೆಗೇರಿಸಿದವನು ಅಲ್ಲೇ ಕೈ ತಡೆದು, ಗೇಟು ತೆರೆಯುವುದೋ ಬೇಡವೋ ಎಂದು ಡ್ರೈವರನ ಮುಖ ನೋಡಿದ.