ಬಳೆಯಮ್ಮನ ಕೈ

"ಕಲ್ಲು ನೋಡೋದನ್ನ ಕಲಿಸೋಕೂ ಒಂದು ಕಾಲೇಜಾ?" ಅಂತ ನನ್ನ ನಾದಿನಿ ತಂಗಮಣೀನ ಆಗಾಗ ಕಾಡಿಸ್ತಿದ್ದೆ. ಈಗ ಕಾಡಿಸೋದಿಲ್ಲ.

ತಂಗಮಣಿ ನಮ್ಮ ಮನೆಯವರ ಕೊನೇ ತಂಗಿ. ಕಾರಮಡೈಯಲ್ಲಿ ಬಸ್ ಹಿಡಿದು ದಿನಾ ಕೋಯಮತ್ತೂರಿಗೆ ಹೋಗಿ ಎಂ.ಎ. ಓದ್ತಾಳೆ. ಹಳೇ ದೇವಸ್ಥಾನ, ಹಳೇ ಶಿಲ್ಪ, ಊರು ನೋಡೋಕೆ ಬಂದವರಿಗೆ ಅದನ್ನೆಲ್ಲ ಹೇಗೆ ತೋರಿಸಬೇಕು, ಇದೇ ಅವಳ ಓದು. ಹೆಣ್ಣುಮಗಳು ಓದಲಿ ಬಿಡಿ ಅಂತ ಮನೇಲಿ ಮೊದಲು ಹಠ ಹಿಡಿದವಳೇ ನಾನು. ಬೇಕಿತ್ತಾ ನನಗೆ?

ನಮ್ಮ ಬಾಳೆತೋಟದ ಬದುವಿನ ಮೇಲೆ ಒಂದು ಕಲ್ಲಿದೆ, ಅರ್ಧ ಮಣ್ಣಲ್ಲಿ ಹೂತಿರೋದು. ಮೇಲೆ ಕಾಣೋದು ಒಂದು ಹೆಂಗಸಿನ ಮುಖ, ಎತ್ತಿದ ಬಲಗೈ, ಆ ಕೈತುಂಬ ಬಳೆ. ಅವಳೇ ನಮ್ಮ ಬಳೆಯಮ್ಮ. ನಾವು ಯಾವ ಕಾಲದಲ್ಲೋ ಘಟ್ಟ ಇಳಿದು ಈ ಕಡೆ ಬಂದ ಜನ. ಸಂತೇಲಿ, ಬಸ್ಸಲ್ಲಿ, ಕೂಲಿಯವರ ಹತ್ರ ಎಲ್ಲ ತಮಿಳು, ಒಲೆ ಮುಂದೆ ಕನ್ನಡ. ಬಳೆಯಮ್ಮನ ಹತ್ರವೂ ಕನ್ನಡವೇ. ನಮ್ಮ ಮನೆತನದಲ್ಲಿ ಬಸುರಿಗೆ ಏಳು ತುಂಬಿದ ಮೇಲೆ ಬಳೆ ಇಡೋದು ಆ ಕಲ್ಲಿನ ಮುಂದೆ. ಮೊದಲ ಬಳೆಯನ್ನ ಕಲ್ಲಿನ ಕೈಗೆ ಮುಟ್ಟಿಸಿ, ಆಮೇಲೆ ಬಸುರಿಯ ಕೈಗೆ ತೊಡಿಸಬೇಕು. ತೊಡಿಸೋಳು ಮನೆತನದ ಹಿರೀ ಮುತ್ತೈದೆ. ಬಳೆಯಮ್ಮ ಕೈ ಎತ್ತಿರೋದೇ "ಹೋಗು, ನಿನ್ನ ಮಗೂನ ನಾನು ನೋಡ್ಕೋತೀನಿ" ಅನ್ನೋಕೆ. ನಾವೆಲ್ಲ ನಂಬಿದ್ದು ಹಾಗೇ.

ನನಗೆ ಎರಡು ಮಗು ಹೋಗಿವೆ. ಎರಡೂ ಏಳು ತುಂಬೋ ಮೊದಲೇ. ಬಳೆಯಮ್ಮನ ಮುಂದೆ ನಿಲ್ಲೋ ಭಾಗ್ಯವೇ ಬರಲಿಲ್ಲ ನನಗೆ. ಈ ಸಲ ತುಂಬಿತು. ಬಳೆಯಮ್ಮನ ಕೈ ಮುಟ್ಟಿದ ಬಳೆ ಒಂದು ನನ್ನ ಕೈಗೆ ಬಿದ್ದರೆ ಸಾಕು, ಈ ಮಗು ಉಳಿಯುತ್ತೆ ಅಂತ ಮನಸ್ಸು ಗಟ್ಟಿ ಮಾಡ್ಕೊಂಡು ಕೂತಿದ್ದೆ. ನಗಬೇಡಿ. ಮಗು ಕಳಕೊಂಡು ನೋಡಿ, ಆಮೇಲೆ ನಗಿ.

ಅಂಥ ಹೊತ್ತಲ್ಲಿ ತಂಗಮಣಿ ಅವಳ ಕಾಲೇಜಿನ ಮೇಷ್ಟ್ರನ್ನ ತೋಟಕ್ಕೆ ಕರಕೊಂಡು ಬಂದಳು. ಎಷ್ಟೋ ಕಾಲದ ಎಣ್ಣೆ, ಅರಿಶಿನ, ಕುಂಕುಮದ ಜಿಡ್ಡನ್ನೆಲ್ಲ ತೊಳೆದರು. ಬುಡದ ಮಣ್ಣು ತೆಗೆಸಿದರು. ಕೆಳಗೆ ಅದೇ ಕಲ್ಲಲ್ಲಿ ಕೆತ್ತಿದ ಒಬ್ಬ ಗಂಡಸು ಸಿಕ್ಕಿದ, ಕೈಯಲ್ಲಿ ಕತ್ತಿ ಹಿಡಿದವನು. ಮೇಷ್ಟ್ರು ಫೋಟೋ ಹಿಡಕೊಂಡು ಖುಷಿಯಾಗಿ ಹೋದರು. ತಂಗಮಣಿ ಮಾತ್ರ ಅಡುಗೆಮನೆ ಬಾಗಿಲಲ್ಲಿ ಪೆಚ್ಚಾಗಿ ನಿಂತಳು.

"ಅತ್ತಿಗೆ, ಅವಳು ದೇವರಲ್ಲ. ಮಾಸ್ತಿ."

"ಹಂಗಂದ್ರೆ?"

"ಗಂಡ ಯಾವುದೋ ಕಾಳಗದಲ್ಲಿ ಸತ್ತಿದಾನೆ. ಅವನ ಚಿತೆಯಲ್ಲೇ ಇವಳೂ ಸುಟ್ಟುಹೋಗಿದಾಳೆ. ಮುತ್ತೈದೆಯಾಗಿಯೇ ಹೋದಳು ಅಂತ ತೋರಿಸೋಕೆ ಬಳೆ ಕೈ ಕೆತ್ತೋದು. ಕರ್ನಾಟಕದ ಕಡೆ ಇಂಥ ಕಲ್ಲು ಬೇಕಾದಷ್ಟಿವೆ."

ಮೂಲೆಯಲ್ಲಿ ನುಗ್ಗೇಸೊಪ್ಪು ಬಿಡಿಸ್ತಿದ್ದ ನಮ್ಮತ್ತೆ ಲಕ್ಷ್ಮಿಯಮ್ಮಾಳ್ ತಲೆ ಎತ್ತಿದರು. ನಮ್ಮ ಮಾವ ತೀರಿಹೋದ ಮೇಲೆ ಅತ್ತೆ ಮಾತಾಡೋದೇ ಕಡಿಮೆ. "ಅವಳೇ ಹೋಗಿ ಬಿದ್ದಳಾ, ಜನ ತಳ್ಳಿದರಾ?" ಅಂತ ಕೇಳಿದರು.

"ಕಲ್ಲು ಅದನ್ನ ಹೇಳಲ್ಲ, ಅಮ್ಮ."

ಅತ್ತೆ ಮತ್ತೆ ಸೊಪ್ಪಿಗೆ ಕೈ ಹಾಕಿದರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯ್ತು. ಕೈಯಲ್ಲಿದ್ದ ಸೌಟನ್ನ ಎಸೆದೇಬಿಟ್ಟೆ. "ಅಲ್ಲ ಕಣೇ, ನಿನಗೆ ಈ ಸೀಮೇಲಿ ಬೇರೆ ಕಲ್ಲೇ ಸಿಗಲಿಲ್ವಾ? ನನಗೆ ಏಳು ತುಂಬಲಿ ಅಂತ ಕಾದಿದ್ಯಾ?"

"ಗೊತ್ತಾದ ಮೇಲೂ ಬಚ್ಚಿಡಲಾ, ಅತ್ತಿಗೆ?" ಅಂತ ಅಳೋಕೆ ಶುರು ಮಾಡಿದಳು. ಅವಳು ಅತ್ತರೆ ನನಗೆ ಇನ್ನೂ ಕೋಪ. ಅವಳು ಹೇಳಿದ್ದು ನಿಜ ಅಂತ ಒಳಗೊಳಗೇ ಗೊತ್ತಾಗ್ತಿತ್ತಲ್ಲ, ಅದಕ್ಕೆ.

ಅಲ್ಲಿಗೆ ಮುಗಿದಿದ್ರೆ ನಾವೇ ನುಂಗಿಕೊಂಡು ಸುಮ್ಮನಾಗ್ತಿದ್ವೇನೋ. ಮೇಷ್ಟ್ರ ಫೋಟೋ ಟೂರಿಸಂ ಆಫೀಸಿಗೆ ಹೋಯ್ತು. ಮೆಟ್ಟುಪಾಳ್ಯದ ಮೇಲೆ ಊಟಿಗೆ ಹೋಗೋ ವ್ಯಾನುಗಳು ನಮ್ಮ ತೋಟದ ಹತ್ರ ಅರ್ಧ ಗಂಟೆ ನಿಂತು ಕಲ್ಲು ನೋಡ್ಕೊಂಡು ಬೆಟ್ಟ ಹತ್ತಲಿ ಅಂತ ತೀರ್ಮಾನ ಆಯ್ತಂತೆ. ಒಂದು ದಿನ ಒಬ್ಬ ಆಫೀಸರ್ ಬಂದು ತಮಿಳಲ್ಲೂ ಇಂಗ್ಲಿಷಲ್ಲೂ ಬರೆದ ಬೋರ್ಡು ನೆಡಿಸಿದ: ಸತಿ ಕಲ್ಲು. ಹೋಗ್ತಾ ನಮ್ಮ ಮನೆಯವರನ್ನ ಪಕ್ಕಕ್ಕೆ ಕರೆದು, "ಜನ ಬರಲಿ, ನೋಡಲಿ. ಪೂಜೆ ಗೀಜೆ ಮಾತ್ರ ಬೇಡ. ದಿಲ್ಲಿಯಲ್ಲಿ ಹೊಸ ಕಾನೂನು ಬಂದಿದೆ, ಸತಿಗೆ ಪೂಜೆ ಮಾಡಿದ್ರೆ ಕೇಸಾಗುತ್ತೆ" ಅಂದ. ಹೆಂಗಿದೆ ನೋಡಿ! ಅವನು ಬೋರ್ಡು ನೆಡೋವರೆಗೆ ಅದು ಸತಿ ಅಂತ ಊರಲ್ಲಿ ಯಾರಿಗೆ ಗೊತ್ತಿತ್ತು? ಹೆಸರಿಟ್ಟವನೂ ಅವನೇ, ಕೇಸು ಅಂದವನೂ ಅವನೇ.

ನಮ್ಮ ಮನೆಯವರು ಸಾಧು ಮನುಷ್ಯ. "ಈ ಸಲ ಬಳೆ ಮನೆ ಅಂಗಳದಲ್ಲೇ ಇಟ್ಬಿಡೋಣ" ಅಂದರು.

"ಅಂಗಳದಲ್ಲಿ ಯಾರಿದಾರೆ? ನಿಮ್ಮ ಸೈಕಲ್ಲಾ?" ಅಂದೆ. "ನನ್ನ ಮಗು ಬೇಕು ಅಂದ್ರೆ ಕಲ್ಲಿನ ಮುಂದೆ. ಪೊಲೀಸರು ಬರಲಿ, ಬಸುರಿಯನ್ನ ಹೇಗೆ ಎಳಕೊಂಡು ಹೋಗ್ತಾರೋ ನೋಡೇಬಿಡ್ತೀನಿ." ಬಾಯಿ ಜೋರಾಗಿತ್ತು. ಮಲಗಿದರೆ ಮಾತ್ರ ಸುಟ್ಟ ಕೈ ಒಂದು ಕಣ್ಣ ಮುಂದೆ ಬರ್ತಿತ್ತು.

ಶುಕ್ರವಾರ ಬೆಳಿಗ್ಗೆ ಇಟ್ಕೊಂಡ್ವಿ. ಮಾವನ ತಂಗಿ ಪೊನ್ನಮ್ಮತ್ತೆ ತುಡಿಯಲೂರಿಂದ ಗಾಜಿನ ಬಳೆ ತಂದಿದ್ದರು. ಬಳೆ ಇಡಬೇಕಾದ ಹಿರೀ ಮುತ್ತೈದೆ ಅವರೇ. ನಮ್ಮತ್ತೆ ಚಿತ್ರಾನ್ನ, ಮೊಸರನ್ನ ಎಲ್ಲ ಕಲಸಿ, ತಟ್ಟೆಗೆ ಹೂವು ಜೋಡಿಸಿ ಕಳಿಸಿದರು. ತಾವು ಬಂದು ಬಾಳೆಗಿಡದ ಮರೆಯಲ್ಲಿ ದೂರ ನಿಂತರು. ಬಿಳೀ ಸೀರೆಯವರು ಹತ್ರ ಬರೋ ಹಾಗಿಲ್ಲ, ಅದು ಪದ್ಧತಿ. ನಾನೂ ಬನ್ನಿ ಅನ್ನಲಿಲ್ಲ.

ಮಣೆ ಮೇಲೆ ಕೂತಿದ್ದೇ ತಡ, ರಸ್ತೆಯಲ್ಲಿ ವ್ಯಾನು ನಿಂತಿತು. ದಡದಡ ಅಂತ ಜನ ಇಳಿದರು. ಅವರಿಗೆ ವಿವರಿಸೋ ಕೆಲಸ ತಂಗಮಣಿಗೆ ವಹಿಸಿದ್ದರು. ಪಾಪ, ಆ ಕಡೆ ಅವಳ ಇಂಗ್ಲಿಷು, ಈ ಕಡೆ ನನ್ನ ಆರತಿ. ಒಬ್ಬ ಹೆಂಗಸು ಕ್ಯಾಮೆರಾ ಹಿಡಿದು, ಬಳೆ ಸ್ವಲ್ಪ ಮೇಲೆತ್ತು ಅಂತ ಪೊನ್ನಮ್ಮತ್ತೆಗೆ ಸನ್ನೆ ಮಾಡಿದಳು.

ಪೊನ್ನಮ್ಮತ್ತೆ ಬಳೆ ಎತ್ತಲಿಲ್ಲ. ಬೋರ್ಡು ನೋಡಿದರು, ಕಲ್ಲು ನೋಡಿದರು. "ದಾರಿಯುದ್ದಕ್ಕೂ ಜನ ಹೇಳಿದರು, ನಂಬಲಿಲ್ಲ ನಾನು. ಗಂಡ ಸತ್ತವಳ ಕೈಗೆ ಮುಟ್ಟಿಸಿ ಬಸುರಿಗೆ ಬಳೆ ಇಡೋದಾ? ನನ್ನ ಕೈಯಲ್ಲಾಗಲ್ಲಮ್ಮ. ಈ ಪಾಪ ನನಗೆ ಬೇಡ." ಬಳೆಯನ್ನ ತಟ್ಟೆಯಲ್ಲಿಟ್ಟು ಹಿಂದೆ ಸರಿದರು. ಅವರ ಹಿಂದೆಯೇ ಉಳಿದ ಮುತ್ತೈದೆಯರೂ ಸರಿದರು. ನಾನೊಬ್ಬಳೇ ಮಣೆ ಮೇಲೆ, ಖಾಲಿ ಕೈ ಮುಂದಿಟ್ಟುಕೊಂಡು. ಬೈಯೋಣ ಅಂತ ಬಾಯಿ ತೆಗೆದೆ. ಜೋರಾಗಿ ಅತ್ತುಬಿಟ್ಟೆ. ಅದನ್ನೂ ಫೋಟೋ ಹಿಡಿದರು.

ಆಗ ಬಾಳೆಗಿಡದ ಕಡೆಯಿಂದ ಅತ್ತೆ ಬಂದರು. ಯಾರೂ ತಡೀಲಿಲ್ಲ, ಹಾಗೆ ಬರಬಹುದು ಅಂತ ಯಾರೂ ಅಂದ್ಕೊಂಡೇ ಇರಲಿಲ್ಲ. ಸೀದಾ ಕಲ್ಲಿನ ಮುಂದೆ ನಿಂತು ಆ ಎತ್ತಿದ ಕೈ ಮೇಲೆ ತಮ್ಮ ಕೈ ಇಟ್ಟರು.

"ಪೊನ್ನಮ್ಮ, ನನ್ನ ಗಂಡ ಹೋದಾಗಿನಿಂದ ನಾನು ದೂರ ನಿಂತೇ ಬಂದೆ. ಇವಳೂ ನನ್ನ ಹಾಗೇ ಅಂತಾಯ್ತಲ್ಲ ಈಗ. ಇಷ್ಟು ತಲೆಮಾರಿನ ಮಕ್ಕಳಿಗೆ ಇವಳ ಕೈ ಆಯ್ತು, ನನ್ನ ಕೈ ಆಗಲಿಲ್ಲ." ಅತ್ತೆ ಕಲ್ಲಿನ ಬಳೆಗಳ ಮೇಲೆ ಬೆರಳಾಡಿಸಿದರು. "ಇವಳನ್ನ ಸುಟ್ಟರು, ಬಳೆ ಉಳಿಸಿದರು. ನನ್ನನ್ನ ಉಳಿಸಿದರು, ಬಳೆ ಒಡೆದರು."

ತಂಗಮಣಿ ಇಂಗ್ಲಿಷು ನಿಲ್ಲಿಸಿದಳು. ಏನು, ಏನು ಹೇಳ್ತಿದಾರೆ ಅಂತ ವ್ಯಾನಿನವರು ಕೇಳಿದರು. ಅವಳು ಅವರಿಗೆ ಬೆನ್ನು ತಿರುಗಿಸಿ ಅಮ್ಮನ ಕಡೆ ನೋಡಿದಳು.

ಅತ್ತೆ ತಟ್ಟೆಯಿಂದ ಒಂದು ಬಳೆ ತಗೊಂಡು ಕಲ್ಲಿನ ಕೈಗೆ ಮುಟ್ಟಿಸಿ ನನ್ನ ಕಡೆ ತಿರುಗಿದರು. "ಕೈ ಕೊಡು, ರುಕ್ಮಣಿ."

ಭಯವಾಯ್ತು ನನಗೆ. ಎರಡು ಸಲವೂ ಮಗುವಿಲ್ಲದ ನನ್ನನ್ನ ಬಾಣಂತಿಯ ಹಾಗೆ ನೋಡ್ಕೊಂಡು, ಎಣ್ಣೆ ಹಚ್ಚಿ ನೀರು ಹುಯ್ದ ಕೈ ಅದು. ಅದನ್ನ ನೋಡಿಯೇ ಭಯವಾಯ್ತು. ನಾಳೆ ಈ ಮಗುವಿಗೆ ಏನಾದ್ರೂ ಆದ್ರೆ ಊರೆಲ್ಲ ಅತ್ತೆಯ ತಲೆಗೆ ಕಟ್ಟುತ್ತೆ. ಊರು ಹಾಳಾಗಲಿ, ನಾನೇ ಕಟ್ಟಿಬಿಡ್ತೀನೇನೋ. ಅತ್ತೆಗೂ ಅದು ಗೊತ್ತಿತ್ತು, ಅವರ ಮುಖ ನೋಡಿದರೆ ಸಾಕಿತ್ತು. ಗೊತ್ತಿದ್ದೂ ಕೈ ಚಾಚಿಕೊಂಡೇ ನಿಂತಿದ್ದರು.

ಕೊಟ್ಟೆ.

ಬಳೆ ತೊಡಿಸೋ ಅಭ್ಯಾಸ ಅವರಿಗೆ ಯಾವತ್ತೋ ತಪ್ಪಿಹೋಗಿತ್ತು. ನನ್ನ ಕೈಯೂ ಬಾತುಕೊಂಡಿತ್ತು. ಗೆಣ್ಣು ದಾಟಿಸೋವಾಗ ಬಳೆ ಪಟ್ ಅಂತ ಒಡೆದು ಚರ್ಮಕ್ಕೆ ಚುಚ್ಚಿತು. ರಕ್ತ ಬಂತು. "ಅಯ್ಯಯ್ಯೋ ಅಪಶಕುನ!" ಅಂತ ಹೆಂಗಸರು ಕೂಗಿದರು. ಅತ್ತೆ ಬೆಂಕಿ ಮುಟ್ಟಿದ ಹಾಗೆ ಕೈ ಹಿಂದಕ್ಕೆಳೆದು ಸೆರಗಿನಲ್ಲಿ ಬಚ್ಚಿಟ್ಟುಕೊಂಡರು. ಹೊಟ್ಟೆಯಲ್ಲಿ ಮಗು ಮಿಸುಕಾಡಿತೋ ಇಲ್ಲವೋ ಗೊತ್ತಾಗಲಿಲ್ಲ.

ರಕ್ತ ಬರ್ತಿದ್ದ ಕೈಯನ್ನ ಹಾಗೇ ಮುಂದಿಟ್ಟುಕೊಂಡು ಅಂದೆ: "ಇನ್ನೊಂದು ತಗೊಳ್ಳಿ, ಅತ್ತೆ."