ದಮ್ಮಿನ ಮುಚ್ಚಳದ ಮೇಲಿನ ತುಂಡು

ಗುಜರಿಯ ವಿಷಯದಲ್ಲಿ ಗುಲಾಮ್ ದಸ್ತಗೀರನಿಗೆ ಟೋಪಿ ಹಾಕುವವರು ರಾಯಚೂರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ತುಂಡನ್ನು ಅಂಗೈಯಲ್ಲಿ ತೂಗಿದರೆ ಸಾಕು, ತಾಮ್ರವೋ ಸೀಸವೋ ಹೇಳಿಬಿಡುತ್ತಿದ್ದ. ಆ ಜಂಬವೇ ಅವನ ಮನೆಗೆ ಮುಳುವಾಯಿತು.

೧೯೮೩ರಲ್ಲಿ ಒಂದು ದಿನ ಜಂಬಣ್ಣನೆಂಬ ವಿಕಿರಣ ಪರೀಕ್ಷಕ ಸರ್ಕಾರಿ ಜೀಪಿನಿಂದ ಇಳಿದ. ಮಾನ್ವಿ ಕಡೆಯವನು. ದೇವದುರ್ಗದ ಹತ್ತಿರ ಪೈಪಿನ ಬೆಸುಗೆ ಪರೀಕ್ಷಿಸುತ್ತಿದ್ದ ಕಂಪನಿಯೊಂದು ಮುಚ್ಚಿದಾಗ, ಅದರ ಯಂತ್ರದ ಭಾರದ ತುಂಡುಗಳನ್ನು ಸೀಸವೆಂದೇ ಕೊಂಡು ದಸ್ತಗೀರ್ ನಾಲ್ಕು ವರ್ಷದಿಂದ ಗೋದಾಮಿನಲ್ಲಿಟ್ಟಿದ್ದ. ಅದು ಸೀಸವಲ್ಲ, ಯಂತ್ರದ ವಿಕಿರಣ ತಡೆಯಲು ಹಾಕುವ, ಸತ್ವ ತೆಗೆದ ಯುರೇನಿಯಂ ಎಂದ ಜಂಬಣ್ಣ. ತುಂಡುಗಳನ್ನು ಹತ್ತಿಯಿಂದ ಒರೆಸಿ ಹತ್ತಿಗೆ ಮೀಟರ್ ಹಿಡಿದ. ಮೀಟರ್ ಕಿಟಕಿಟ ಎಂದಿತು.

“ಕಂಪನಿ ಲೆಕ್ಕದಾಗ ಐದು ಇರಬೇಕ್ರೀ ಸಾಬ್ರ. ನಾಕೇ ಅದಾವ.”

“ಬಂದಿದ್ದೇ ಇಷ್ಟ್ರೀ,” ಎಂದ ದಸ್ತಗೀರ್.

ಹಸಿ ಸುಳ್ಳು. ಅನ್ನದ ಪಾತ್ರೆಯ ಬಾಯಿ ಬಿಗಿದು ದಮ್ ಕಟ್ಟುವಾಗ ಹಬೆ ಸೋರುತ್ತದೆಂದು ಹೆಂಡತಿ ಕುಬ್ರಾ ಬೇಗಂ ಗೊಣಗಿದ್ದಕ್ಕೆ, ಮುಚ್ಚಳದ ಮೇಲಿಡಲು ಐದನೆಯದನ್ನು ತಾನೇ ಹೆಮ್ಮೆಯಿಂದ ತಂದುಕೊಟ್ಟಿದ್ದ. ಅವಳು ತೀರಿಕೊಂಡು ಎಂಟು ತಿಂಗಳಾಗಿತ್ತು. ಅವಳ ಕೈ ಆಡಿದ ಆ ತುಂಡನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಾಗಲಿಲ್ಲ.

“ಸುಮ್ನ ಬಿದ್ದಿದ್ರ ಅಷ್ಟು ಕಾಟ ಇಲ್ರೀ,” ಎಂದ ಜಂಬಣ್ಣ. “ಬಿಸಿಗೆ, ಹಬಿಗೆ ಇಟ್ರ ಕರೀ ಪುಡಿ ಉದುರ್ತದ. ಅದು ಹೊಟ್ಟಿಗೆ ಹೋದ್ರ ಮೂತ್ರಪಿಂಡ ಕೆಡ್ತಾವ, ಕಾಲು ಬಾತ್ಕೊಂತಾವ.”

ಕುಬ್ರಾಳ ಕಾಯಿಲೆ ಶುರುವಾದದ್ದೇ ಚಪ್ಪಲಿ ಬಿಗಿಯಾಯಿತೆಂಬ ಮಾತಿನಿಂದ. ದಸ್ತಗೀರ್ ಎದ್ದುಬಿದ್ದು ಅಡುಗೆಮನೆಗೆ ಓಡಿದ. ಅವತ್ತು ಗುರುವಾರ. ಮಗಳು ವಾಹಿದಾ ತಾಯಿಯ ಹೆಸರಿನ ಫಾತೆಹಾ ಪ್ರಾರ್ಥನೆಗೆ ಅನ್ನ ದಮ್ ಕಟ್ಟಿಟ್ಟು ಹಿತ್ತಲಿಗೆ ಹೋಗಿದ್ದಳು. ಮುಚ್ಚಳದ ಮೇಲೆ ಅದೇ ತುಂಡು ಕೂತಿತ್ತು.

ಹಿಂದೆಯೇ ಬಂದ ಜಂಬಣ್ಣ ಮುಚ್ಚಳದ ಅಂಚಿಗೆ ಮೀಟರ್ ಹಿಡಿದ. ಅದು ಮತ್ತೆ ಬಡಿದುಕೊಂಡಿತು.

“ನನ್ನ ಹೆಂಡ್ತಿ ಇದರಿಂದ್ಲೇ ಹೋದ್ಲೇನ್ರೀ?”

“ಈಗ ಹೆಂಗ ಹೇಳ್ಲಿ ಯಪ್ಪಾ? ಮಗಳನ್ನ ನಾಳೇನೇ ದವಾಖಾನಿಗೆ ತೋರಿಸ್ರಿ.”

ಜೀಪು ತುಂಡನ್ನೂ ಪಾತ್ರೆಯನ್ನೂ ಒಯ್ದಿತು. ಎಂದಿನಂತೆ ಫಾತೆಹಾದ ಅನ್ನಕ್ಕೆ ಬಟ್ಟಲು ಹಿಡಿದು ಬಂದ ನೆರೆಯ ದಾವಲ್ ಬೀಯನ್ನು ದಸ್ತಗೀರ್ ಬರಿಗೈಯಲ್ಲಿ ಕಳಿಸಿದ. ಆ ಹೊಸ್ತಿಲಿಂದ ಯಾರೂ ಹಾಗೆ ಹೋದವರಿಲ್ಲ.

ನೀರಿಗೆ ಹೊರಟ ವಾಹಿದಾ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ಗೋದಾಮಿನ ಮಾತಾಗಲಿ ಅಡುಗೆಮನೆಯ ಮಾತಾಗಲಿ ಅವಳ ಕಿವಿಗೆ ಬಿದ್ದಿರಲಿಲ್ಲ.

“ಬೇಟಾ, ಚಪ್ಪಲಿ ಬಿಗಿ ಆಗ್ಯಾವೇನು?”

“ಇಲ್ಲಬ್ಬಾ. ಅಮ್ಮೀ ಚಪ್ಪಲಿ ಇವು,” ಎಂದು ನಕ್ಕಳು ವಾಹಿದಾ. “ಮೊದಲು ಭಾಳ ಸಡ್ಲ ಇದ್ವು. ಈಗ ಛಂದ ಕುಂತಾವ.”